ಸಂಧಿವಾತ ಇದ್ದವರು ಹೃದಯದ ಲೆಕ್ಕ ಇಟ್ಟುಕೊಳ್ಳುವುದು ಹೇಗೆ

ಸಂಧಿವಾತದಲ್ಲಿ (ಇಲ್ಲಿ ಹೇಳುತ್ತಿರುವುದು ರುಮಟಾಯ್ಡ್ ಆರ್ಥ್ರೈಟಿಸ್ ಬಗ್ಗೆ) ಕೀಲುಗಳನ್ನು ಊದಿಸುವ ಉರಿಯೂತವೇ ರಕ್ತನಾಳಗಳ ಒಳಪದರವನ್ನೂ ಕೆಡಿಸುತ್ತದೆ. ಹಾಗಾಗಿ ಇವರಿಗೆ ಹೃದಯಾಘಾತದ ಅಪಾಯ ಉಳಿದವರಿಗಿಂತ ಸುಮಾರು ಒಂದೂವರೆ ಪಟ್ಟು. ವೈದ್ಯರು ಮುಂದಿನ 10 ವರ್ಷದ ಅಪಾಯವನ್ನು ಲೆಕ್ಕ ಹಾಕಿದಾಗ, ಆ ಲೆಕ್ಕದಲ್ಲಿ ಸಂಧಿವಾತ ಸೇರಿದೆಯೇ ಎಂದು ಕೇಳಿ. ಸೇರಿಲ್ಲದಿದ್ದರೆ 1.5ರಿಂದ ಗುಣಿಸಬೇಕು: ಶೇ. 8 ಬಂದಿದ್ದರೆ ಅದು ಶೇ. 12. ಈ ಅಪಾಯ ಅಳೆಯುವ ಕ್ಯೂರಿಸ್ಕ್3 (QRISK3) ಎಂಬ ಸೂತ್ರದಲ್ಲಿ ಸಂಧಿವಾತ ಮೊದಲೇ ಸೇರಿದೆ, ಅಲ್ಲಿ ಮತ್ತೆ ಗುಣಿಸಬಾರದು. ಈ ಲೆಕ್ಕವನ್ನು ಕನಿಷ್ಠ 5 ವರ್ಷಕ್ಕೊಮ್ಮೆ ನೋಡಬೇಕು. ಔಷಧಿ ದೊಡ್ಡದಾಗಿ ಬದಲಾದಾಗ ಇನ್ನೊಮ್ಮೆ.

ಹೆಚ್ಚು ಮಂದಿ ಎಡವುವುದು ಕೊಲೆಸ್ಟ್ರಾಲ್ ರಿಪೋರ್ಟ್‌ನಲ್ಲಿ. ಉರಿಯೂತ ಜೋರಾಗಿದ್ದಾಗ ಒಟ್ಟು ಕೊಲೆಸ್ಟ್ರಾಲ್ ಮತ್ತು ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಎರಡೂ ಇಳಿಯುತ್ತವೆ. ಬೆರಳು ಮಡಚಲಾಗದಷ್ಟು ಊತವಿರುವ ವಾರದಲ್ಲಿ ರಕ್ತ ಕೊಟ್ಟು, ಅಂಕಿ ಚೆನ್ನಾಗಿದೆ ಎಂದು ನೆಮ್ಮದಿಪಟ್ಟರೆ ಮೋಸಹೋಗುತ್ತೀರಿ. ಕಾಯಿಲೆ ಹಿಡಿತಕ್ಕೆ ಬಂದು, ರಕ್ತದಲ್ಲಿ ಉರಿಯೂತವನ್ನು ತೋರಿಸುವ ಸಿಆರ್‌ಪಿ ಅಂಕಿ ಇಳಿದ ಮೇಲೆ ಪರೀಕ್ಷೆ ಮಾಡಿಸಿ. ಆಗ ಎಲ್‌ಡಿಎಲ್ ತುಸು ಏರಿದರೆ ಹೊಸ ಔಷಧಿಯನ್ನು ದೂರಿ ನಿಲ್ಲಿಸಬೇಡಿ. ಉರಿಯೂತ ಇಳಿದಿರುವುದೇ ಹೃದಯಕ್ಕೆ ದೊಡ್ಡ ಲಾಭ. ಏರಿದ ಎಲ್‌ಡಿಎಲ್‌ಗೆ ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ) ಬೇಕೇ ಎಂಬುದನ್ನು ವೈದ್ಯರು ತೀರ್ಮಾನಿಸಲಿ.

ಬಿ.ಪಿ.ಯನ್ನು ಮನೆಯಲ್ಲೇ ನೋಡಿಕೊಳ್ಳುವುದು ಒಳ್ಳೆಯದು. ಬೆನ್ನಿಗೆ ಒರಗು ಕೊಟ್ಟು, ಪಾದ ನೆಲಕ್ಕೂರಿ, ಮಾತಾಡದೆ 5 ನಿಮಿಷ ಕೂತುಕೊಳ್ಳಿ. ಪಟ್ಟಿ ಮೇಲ್ತೋಳಿಗೆ, ತೋಳು ಎದೆಯ ಮಟ್ಟಕ್ಕೆ. ಮೊಣಕೈ ಪೂರ್ತಿ ಚಾಚಲು ಬಾರದಿದ್ದರೆ ಕೆಳಗೆ ದಿಂಬಿಡಿ, ನೋವು ತಡೆದುಕೊಂಡು ಚಾಚಿದರೆ ಅಂಕಿ ಏರುತ್ತದೆ. ಬೆಳಿಗ್ಗೆ, ಸಂಜೆ ಒಂದು ನಿಮಿಷದ ಅಂತರದಲ್ಲಿ ಎರಡೆರಡು ಸಲ, 7 ದಿನ ಬರೆದಿಡಿ. ಮೊದಲ ದಿನದ್ದನ್ನು ಬಿಟ್ಟು ಸರಾಸರಿ ತೆಗೆಯಿರಿ. ಅದು 135/85 ಅಥವಾ ಅದಕ್ಕೂ ಮೇಲಿದ್ದರೆ ವೈದ್ಯರಿಗೆ ತೋರಿಸಿ.

ಬಿ.ಪಿ. ಏರಿದಾಗ ಮಾತ್ರೆಗಳ ಡಬ್ಬಿಯನ್ನೂ ನೋಡಬೇಕು. ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಮಾತ್ರೆ ಬಿ.ಪಿ., ಶುಗರ್ ಎರಡನ್ನೂ ಏರಿಸುತ್ತದೆ. ಡೋಸ್ ಎಷ್ಟು ಕಡಿಮೆ ಮಾಡಬಹುದು, ಎಷ್ಟು ದಿನ ಬೇಕು ಎಂದು ಪ್ರತಿ ಭೇಟಿಯಲ್ಲೂ ಕೇಳಿ. ಆದರೆ ವಾರಗಟ್ಟಲೆ ತೆಗೆದುಕೊಂಡದ್ದನ್ನು ಥಟ್ಟನೆ ಬಿಡುವುದು ಅಪಾಯ. ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ಹೃದ್ರೋಗ ಇರುವವರಿಗೆ ಸಲ್ಲದು. ಸಂಧಿವಾತಕ್ಕೆ ಕೊಡುವ ಟೊಫಾಸಿಟಿನಿಬ್ ಗುಂಪಿನ ಮಾತ್ರೆ ಶುರುಮಾಡುವ ಮುನ್ನ ವಯಸ್ಸು, ಧೂಮಪಾನ, ಹಿಂದಿನ ಹೃದಯಾಘಾತ ಯಾವುದನ್ನೂ ಮುಚ್ಚಿಡಬೇಡಿ.

ಸಿಗರೇಟು, ಬೀಡಿ ಬಿಡಲೇಬೇಕು. ಅವು ರಕ್ತನಾಳವನ್ನೂ ಕೆಡಿಸುತ್ತವೆ, ಸಂಧಿವಾತದ ಔಷಧಿ ನಾಟದಂತೆಯೂ ಮಾಡುತ್ತವೆ. ತೂಕ ಸರಿಯಿದೆ ಎಂದು ಸುಮ್ಮನಾಗಬೇಡಿ: ಈ ಕಾಯಿಲೆಯಲ್ಲಿ ಸ್ನಾಯು ಕರಗಿ ಕೊಬ್ಬು ಕೂಡಬಹುದು, ಅದು ತಕ್ಕಡಿಗೆ ಕಾಣದು. ಸೊಂಟದ ಸುತ್ತಳತೆಯನ್ನೂ ಬರೆದಿಡಿ.

ಎಡ ಭುಜ ನೋಯತೊಡಗಿದರೆ ಎಲ್ಲವನ್ನೂ ಸಂಧಿವಾತದ ತಲೆಗೆ ಕಟ್ಟಬೇಡಿ. ಕೀಲಿನ ನೋವು ಸಾಮಾನ್ಯವಾಗಿ ತೋಳೆತ್ತಿದಾಗ ಹೆಚ್ಚುತ್ತದೆ. ಮೆಟ್ಟಿಲು ಹತ್ತುವಾಗ ಬಂದು, ನಿಂತರೆ ಇಳಿಯುವ ನೋವನ್ನು ಬೇಗ ತೋರಿಸಿ. ಬೆವರು, ಏದುಸಿರು, ದವಡೆ ಅಥವಾ ಎದೆಯ ಬಿಗಿತ ಜೊತೆಗಿದ್ದರೆ, ಎದೆನೋವಿಲ್ಲದೆ ಏಕಾಏಕಿ ಉಸಿರು ಕಟ್ಟಿದರೂ, ತಡಮಾಡದೆ ಆಂಬುಲೆನ್ಸ್ ಕರೆಸಿ.