ಮಾವಿನ ಎಲೆಯ ಗಂಟು ಕೊಯ್ದು ನೋಡಿದೆ

ಕೆಲಗೇರಿ ಹತ್ತಿರ ನಮ್ಮ ಕಾಕಾನ ಆಪೂಸು ತೋಟ ಇದೆ. ಹೋದ ವರ್ಷ ಅಲ್ಲಿಗೆ ಹೋದಾಗ ಒಂದು ಟೊಂಗೆ ಬಗ್ಗಿಸಿ ತೋರಿಸಿದರು. "ಎಲಿಗೆಲ್ಲಾ ಗುಳ್ಳಿ ಎದ್ದಾವು ನೋಡು ತಮ್ಮಾ. ಹುಳಾ ಸಾಯೋ ಎಣ್ಣಿ ಏನರೆ ಹೊಡೀಲೇನು?" ನಾನು ಧಾರವಾಡದಲ್ಲಿ ಸಸ್ಯಶಾಸ್ತ್ರ ಕಲಿಸುವವನು, ಗೊತ್ತಿರಬೇಕು ಅಲ್ವಾ? ಸೊಳ್ಳೆಗಿಂತ ಚಿಕ್ಕ ನೊಣವೊಂದರ ಕೆಲಸ, ಅದು ಎಲೆಯಲ್ಲಿ ಮೊಟ್ಟೆ ಇಡುತ್ತದೆ, ಮರಿಹುಳು ಗಂಟಿನೊಳಗೇ ಬೆಳೆಯುತ್ತದೆ ಅಂದೆ. ಆದರೆ ಆ ಗಂಟನ್ನು ನಾನೂ ಎಂದೂ ಕೊಯ್ದು ನೋಡಿರಲಿಲ್ಲ.

ಮೊದಲ ದಿನ ಪೂರಾ ಹಾಳು. ದೊಡ್ಡ ಗಂಟಿದ್ದ ಬಲಿತ ಎಲೆಗಳನ್ನೇ ಆರಿಸಿ ತಂದಿದ್ದೆ. ಬ್ಲೇಡು ಆಡಿಸಿದರೆ ಪುಡಿ ಪುಡಿ. ಒಳಗೆ ಹುಳುವೂ ಇಲ್ಲ, ಮೇಲೆ ಸಣ್ಣ ತೂತು ಮಾತ್ರ. ನೊಣ ಯಾವಾಗಲೋ ಹಾರಿಹೋಗಿತ್ತು.

ಎರಡನೇ ಸಲ ತಾಮ್ರದ ಬಣ್ಣ ಆಗಷ್ಟೇ ಬಿಟ್ಟ ಎಳೆ ಎಲೆ ತಂದೆ. ಗಂಟು ಇನ್ನೂ ಮೆತ್ತಗಿತ್ತು. ಗಜ್ಜರಿ ಸೀಳಿ ನಡುವೆ ಎಲೆ ಸಿಕ್ಕಿಸಿ, ಹೊಸ ಬ್ಲೇಡು ನೀರಿಗೆ ಅದ್ದಿ ಒಂದೇ ಎಳೆತಕ್ಕೆ ಕೊಯ್ದೆ. ಅರ್ಧ ಗಂಟು, ಅರ್ಧ ಚಪ್ಪಟೆ ಎಲೆ ಒಂದೇ ಸೀಳಿನಲ್ಲಿ ಬರುವ ಹಾಗೆ ನೋಡಿಕೊಂಡೆ. ಹೋಲಿಸಲು ಇದಕ್ಕಿಂತ ಸುಲಭ ದಾರಿ ಇಲ್ಲ.

ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದರೆ, ಚಪ್ಪಟೆ ಭಾಗದಲ್ಲಿ ಎಲ್ಲ ಪುಸ್ತಕದಲ್ಲಿದ್ದ ಹಾಗೆಯೇ. ಮೇಲೆ ಬೇಲಿ ಗೂಟದಂತೆ ನಿಂತ ಜೀವಕೋಶಗಳು, ಕೆಳಗೆ ಸಡಿಲವಾದವು, ನಡುವೆ ಗಾಳಿ. ಸ್ಲೈಡನ್ನು ಮೆಲ್ಲಗೆ ಗಂಟಿನ ಕಡೆ ಸರಿಸಿದೆ. ಗೂಟದ ಸಾಲು ವಾರೆಯಾಯಿತು, ಆಮೇಲೆ ಕಾಣಲೇ ಇಲ್ಲ. ಜೀವಕೋಶಗಳು ಊದಿಕೊಂಡಿದ್ದವು, ಸಂಖ್ಯೆಯೂ ಜಾಸ್ತಿ. ಗಾಳಿಗೆ ಜಾಗವೇ ಇಲ್ಲ, ಹಸಿರೂ ಕಡಿಮೆ. ನಡುವಿನ ಕೋಣೆಯಲ್ಲಿ ಒಂದೇ ಹುಳು. ಅದರ ಸುತ್ತ ತೆಳು ಗೋಡೆಯ ಪುಟ್ಟ ಜೀವಕೋಶಗಳು, ಒಳಗೆ ರಸ ಗಟ್ಟಿಯಾಗಿ ತುಂಬಿತ್ತು, ಕೋಶಕೇಂದ್ರ ಎದ್ದು ಕಾಣುವಷ್ಟು ದಪ್ಪ. ಈ ಹುಳುವಿಗೆ ಎಲೆ ಅಗಿಯುವ ಬಾಯಿಲ್ಲ, ರಸ ಹೀರಿಕೊಂಡೇ ಬದುಕಬೇಕು. ಒಂದು ಸೀಳಿಗೆ ಅಯೋಡಿನ್ ಬಿಟ್ಟೆ. ಹೊರಗಿನ ಜೀವಕೋಶ ಪಿಷ್ಟದಿಂದ ಕಪ್ಪುನೀಲಿ ಆದವು, ಹುಳುವಿನ ಪಕ್ಕದವು ಬಣ್ಣ ಹಿಡಿಯಲೇ ಇಲ್ಲ. ಸ್ವಲ್ಪ ಬಲಿತ ಗಂಟಿಗೆ ಸಾಫ್ರನಿನ್ ಅನ್ನೋ ಕೆಂಪು ಬಣ್ಣ ಹಾಕಿದರೆ ಕೋಣೆಯ ಸುತ್ತ ಕೆಂಪು ಬಳೆ, ಅಂದರೆ ಕಟ್ಟಿಗೆಯಂತೆ ಗಟ್ಟಿಯಾದ ಜೀವಕೋಶಗಳು. ಮೊದಲ ದಿನ ನನ್ನ ಬ್ಲೇಡು ಸೋತದ್ದು ಇದಕ್ಕೇ ಇರಬೇಕು. ಇಷ್ಟಾದರೂ ಒಂದು ಗಂಟಿನಲ್ಲಿ ಬೇರೆಯದೇ ಹುಳು ಇತ್ತು, ಮನೆಯ ಹುಳುವನ್ನೇ ತಿನ್ನುವ ಪರಾವಲಂಬಿ ಕಣಜದ್ದು!

ಕಾಕಾಗೆ ಫೋನಿನಲ್ಲಿ ಫೋಟೊ ತೋರಿಸಿ, ಈಗ ಎಣ್ಣೆ ಹೊಡೆದರೂ ಒಳಗಿನ ಹುಳುವಿಗೆ ಮುಟ್ಟೋದು ಕಷ್ಟ ಅಂದೆ. ಅವರು ಕನ್ನಡಕ ಏರಿಸಿಕೊಂಡು ನೋಡಿದರು. "ಅಂದ್ರ ಮನಿ ಕಟ್ಟಿಕೊಟ್ಟಿದ್ದು ಗಿಡಾನ ಅನ್ನು."

ಹೌದು, ಕಟ್ಟಿಸಿಕೊಂಡದ್ದು ಹುಳು. ಮೊಟ್ಟೆ ಇಟ್ಟ ಜಾಗದಲ್ಲಿ ಮೊದಲ ಜೀವಕೋಶ ದಾರಿ ತಪ್ಪುವ ಹಂತ ಮಾತ್ರ ನನಗೆ ಇನ್ನೂ ಸಿಕ್ಕಿಲ್ಲ. ಮುಂದಿನ ಚಿಗುರು ಬಂದ ದಿನವೇ ಫೋನ್ ಮಾಡಿ ಅಂತ ಕಾಕಾಗೆ ಹೇಳಿಟ್ಟಿದ್ದೇನೆ.