ಹಿಂದಿನ ಆಕ್ಸಲ್ ಬೀಮ್‌ನ ಬುಷ್: ಸದ್ದು ನಿಂತದ್ದು ಹೀಗೆ

ಕಾರು ಹಂಪ್ ಇಳಿಯುವಾಗ ಹಿಂದಿನಿಂದ ‘ದಡ್’ ಸದ್ದು. ಸುರತ್ಕಲ್ ಹೆದ್ದಾರಿಯಲ್ಲಿ ಲೇನ್ ಬದಲಿಸಿದರೆ ಹಿಂಭಾಗದ ಓಲಾಟ. ಶಾಕ್ ಅಬ್ಸಾರ್ಬರ್ ಜೋಡಿ, ಅದರ ಮೌಂಟ್, ವೀಲ್ ಅಲೈನ್‌ಮೆಂಟ್, ಯಾವುದರಿಂದಲೂ ಗುಣ ಕಾಣಲಿಲ್ಲ. ಹಿಂದಿನ ಎರಡೂ ಚಕ್ರಗಳನ್ನು ಜೋಡಿಸುವ ಇಂಥ ಬೀಮ್‌ನಲ್ಲಿ ಹಿಂದಿನ ಟೋ (ಚಕ್ರ ಒಳಗೋ ಹೊರಗೋ ತಿರುಗಿರುವ ಕೋನ) ಹೊಂದಿಸುವ ವ್ಯವಸ್ಥೆಯೇ ಸಾಮಾನ್ಯವಾಗಿ ಇರುವುದಿಲ್ಲ. ಅಲೈನ್‌ಮೆಂಟ್ ದುಡ್ಡು ದಂಡ.

ಬೀಮ್ ಕಾರಿನ ಬಾಡಿಗೆ ಸೇರುವಲ್ಲಿರುವ ಮುಂದಿನ ಬುಷ್ (ಹೊರಚಿಪ್ಪು ಮತ್ತು ಒಳಪೈಪಿನ ನಡುವೆ ರಬ್ಬರ್ ಇರುವ ಜೋಡಣೆ) ಬಳಿ ಕಬ್ಬಿಣದ ರಾಡ್ ಹಾಕಿ ಮೀಟಿದಾಗ, ರಬ್ಬರ್ ಒಳಗಿನ ಪೈಪಿನಿಂದ ಬಿಟ್ಟುಹೋದದ್ದು ಕಂಡಿತು.

ಕರಾವಳಿಯ ಉಪ್ಪುಗಾಳಿಗೆ ಬುಷ್‌ನ ಬೋಲ್ಟ್ ಆ ಪೈಪಿಗೇ ತುಕ್ಕು ಹಿಡಿದು ಅಂಟಿರುತ್ತದೆ. ಬುಷ್ ಬದಲಿಸುವ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಿರಿ. ಬ್ರೇಕ್ ಹೋಸ್ ಎಳೆಯದಂತೆ ಬ್ರಾಕೆಟ್‌ನಿಂದ ಬಿಡಿಸಿ. ಬುಷ್ ರಬ್ಬರಿನ ಟೊಳ್ಳು ಯಾವ ದಿಕ್ಕಿಗಿದೆ ಎಂದು ಬೀಮ್ ಮೇಲೆ ಪೇಂಟಿನಲ್ಲಿ ಗುರುತು ಹಾಕಿ. ಹೊಸದೂ ಅದೇ ದಿಕ್ಕಿಗೆ ಕೂರಬೇಕು. ಹಳೆಯದರ ಹೊರಚಿಪ್ಪನ್ನು ಹ್ಯಾಕ್ಸಾ ಬ್ಲೇಡಿನಿಂದ ಸೀಳಿ, ಬೀಮ್‌ಗೆ ಗೀರು ಬೀಳದ ಹಾಗೆ. ಹೊಸದಕ್ಕೆ ಸುತ್ತಿಗೆ ಬೇಡ, ಪುಲ್ಲರ್‌ನಿಂದಲೇ (ಸ್ಕ್ರೂ ತಿರುಗಿಸಿ ಎಳೆಯುವ ಸಾಧನ) ಎಳೆದು ಕೂರಿಸಿ.

ಎಲ್ಲರೂ ತಪ್ಪುವುದು ಬಿಗಿಯುವಾಗ. ಚಕ್ರ ನೇತಾಡುವಾಗಲೇ ಬೋಲ್ಟ್ ಬಿಗಿದರೆ, ಕಾರು ಇಳಿಸಿದೊಡನೆ ರಬ್ಬರ್ ತಿರುಚಿಕೊಂಡೇ ನಿಂತು ಬೇಗ ಹರಿಯುತ್ತದೆ. ಬಿಚ್ಚುವ ಮುನ್ನವೇ ಹಬ್ (ಚಕ್ರದ ನಡುಭಾಗ) ಮಧ್ಯದಿಂದ ಮೇಲಿನ ಫೆಂಡರ್ (ಚಕ್ರದ ಮೇಲಿನ ಬಾಡಿ) ಅಂಚಿಗೆ ಅಳೆದಿಡಿ. ನಮ್ಮದರಲ್ಲಿ 37 ಸೆಂ.ಮೀ. ಇತ್ತು. ಬೋಲ್ಟ್ ಕೈಬಿಗಿಯಲ್ಲೇ ಬಿಟ್ಟು, ಚಕ್ರ ಹಾಕಿ ಕಾರನ್ನು ಪಿಟ್ ಮೇಲೆ ಇಳಿಸಿ, ಹಿಂಭಾಗವನ್ನು ಕೆಲವು ಸಲ ಅದುಮಿ. ಅದೇ ಅಳತೆ ಬಂದ ಮೇಲೆಯೇ ಕೆಳಗಿನಿಂದ ಟಾರ್ಕ್ ರೆಂಚ್ (ನಿಗದಿತ ಬಲಕ್ಕೆ ಬಿಗಿಯುವ ಪಾನಾ), ಮ್ಯಾನುವಲ್‌ನಲ್ಲಿ ಆ ಮಾಡೆಲ್‌ಗೆ ಕೊಟ್ಟ ಅಂಕಿಗೆ.