ಕರಾಟೆ ಕ್ಲಾಸಿನ ಪಟ್ಟು ರಸ್ತೆಯಲ್ಲೂ ಕೈಹಿಡಿಯಬೇಕಾದರೆ

ಕರಾಟೆ ಕಲಿಯುತ್ತಿರುವವರಿಗೆ ಒಂದು ಸಲಹೆ. ತಿಂಗಳಿಗೆ ಒಂದು ದಿನವಾದರೂ ದಿನಾ ಹಾಕುವ ಬಟ್ಟೆಯಲ್ಲೇ ಅಭ್ಯಾಸ ಮಾಡಿ. ಕ್ಲಾಸಿನಲ್ಲಿ ಬರಿಗಾಲು, ಕೆಳಗೆ ಮ್ಯಾಟ್. ಮೆಜೆಸ್ಟಿಕ್ ಫುಟ್‌ಪಾತ್‌ನಲ್ಲಿ ಹಾಗಿರಲ್ಲ ಅಲ್ವಾ? ಕಾಲಲ್ಲಿ ಚಪ್ಪಲಿ, ಹೆಗಲಲ್ಲಿ ಲ್ಯಾಪ್‌ಟಾಪ್ ಬ್ಯಾಗ್, ಕೆಳಗೆ ಅಲ್ಲಾಡುವ ಚಪ್ಪಡಿ.

ನಾನು ಮೊದಲ ಸಲ ಜೀನ್ಸ್ ಹಾಕಿ, ಬ್ಯಾಗ್ ಹೊತ್ತು ಎದೆಯೆತ್ತರಕ್ಕೆ ಒದೆಯಲು ಹೋದೆ. ಬ್ಯಾಗ್ ಒಂದು ಕಡೆ ಎಳೆಯಿತು, ನಿಂತ ಕಾಲು ಜಾರಿತು. ಅವತ್ತಿನಿಂದ ಮೊಣಕಾಲು, ಮೊಣಕೈ, ಅಂಗೈ ಬುಡದ ಹೊಡೆತವನ್ನೇ ಜಾಸ್ತಿ ಮಾಡುತ್ತಿದ್ದೇನೆ.

ಯಾರಾದರೂ ಮಣಿಕಟ್ಟು ಹಿಡಿದರೆ ಸುಮ್ನೆ ಹಿಂದಕ್ಕೆ ಜಗ್ಗಬೇಡಿ. ಅವರ ಹೆಬ್ಬೆರಳು, ಬೆರಳ ತುದಿ ಸೇರುವ ಸಂದಿನ ಕಡೆಗೆ ಕೈ ತಿರುಗಿಸಿ ಎಳೆಯಿರಿ. ಹಿಡಿತ ಸಡಿಲ ಇರುವುದು ಅಲ್ಲೇ. ಜೊತೆಯವರಿಗೆ ನಿಜವಾಗಿ ಬಿಗಿಯಾಗಿ ಹಿಡಿಯಲು ಹೇಳಿ, ಮುಲಾಜಿಗೆ ಬಿಟ್ಟುಬಿಟ್ಟರೆ ಪ್ರಯೋಜನವಿಲ್ಲ. ಬಿಡಿಸಿಕೊಂಡ ತಕ್ಷಣ ನಾಲ್ಕು ಹೆಜ್ಜೆ ಓಡುವುದನ್ನೂ ಸೇರಿಸಿ.

ಕಾನೂನು ಆತ್ಮರಕ್ಷಣೆಗೆ ಹಕ್ಕು ಕೊಟ್ಟಿದೆ, ಅಗತ್ಯ ಮೀರಿ ಹೊಡೆಯುವುದಕ್ಕಲ್ಲ. ಹಾಗಾಗಿ ಓಡಿಹೋಗಿ ಬೆಳಕು, ಜನ ಇರುವ ಅಂಗಡಿ ಸೇರಿ, 112ಕ್ಕೆ ಕರೆ ಮಾಡಿ.

ಕೂಗುವುದನ್ನೂ ಕಲಿಯಿರಿ. ಗಾಬರಿಯಲ್ಲಿ ಗಂಟಲು ಕಟ್ಟುತ್ತದೆ. "ಬಿಡೋ! ದೂರ ನಿಲ್ಲು!" ಅಂತ ಕ್ಲಾಸಿನಲ್ಲೇ ಹತ್ತು ಸಲ ಜೋರಾಗಿ ಕೂಗಿ ನೋಡಿ.